ಸೀಮೆಸುಣ್ಣದಲ್ಲಿ ಚಳಿಗಾಲದ ಯುದ್ಧ: ಫಿನ್ಲೆಂಡಿನ 105 ದಿನಗಳನ್ನು ಮಕ್ಕಳಿಗೆ ಹೇಳಿಕೊಡುವ ಬಗೆ

ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟವಳು ನಾನು. ಎರಡನೇ ಮಹಾಯುದ್ಧದ ಪಾಠ ಬಂದಾಗಲೆಲ್ಲ ಪುಸ್ತಕದಲ್ಲಿ ಇಲ್ಲದ ಒಂದು ತರಗತಿಯನ್ನು ಸೇರಿಸಿಕೊಳ್ಳುತ್ತಿದ್ದೆ. 1939ರ ನವೆಂಬರ್ 30ರಿಂದ 1940ರ ಮಾರ್ಚ್ 13ರವರೆಗೆ ಫಿನ್ಲೆಂಡ್ ಸೋವಿಯತ್ ಒಕ್ಕೂಟದ ಎದುರು ಕಾದಾಡಿದ ಚಳಿಗಾಲದ ಯುದ್ಧ ಅದು. ಮೊದಲ ಸಲ ಅದನ್ನು ತಪ್ಪಾಗಿಯೇ ಹೇಳಿಕೊಟ್ಟೆ. 37 ಲಕ್ಷ ಜನರ ನಾಡು 17 ಕೋಟಿ ಜನರ ನಾಡನ್ನು ತಡೆದು ನಿಲ್ಲಿಸಿದ್ದು, ಬಿಳಿ ಬಟ್ಟೆ ತೊಟ್ಟ ಸ್ಕೀ ಸೈನಿಕರು, ಗುರಿ ತಪ್ಪದ ಬಂದೂಕುಗಾರ, ಇಷ್ಟನ್ನೇ ಉತ್ಸಾಹದಿಂದ ಹೇಳಿದೆ. ಮಕ್ಕಳು ಕಣ್ಣು ಮಿಟುಕಿಸದೆ ಕೇಳಿದರು. ಗಂಟೆ ಹೊಡೆಯುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ಮಿಸ್, ಹಾಗಾದ್ರೆ ಗೆದ್ದಿದ್ದು ಫಿನ್ಲೆಂಡಾ?"

"ಇಲ್ಲಮ್ಮ, ಕೊನೆಗೆ ಜಾಗ ಬಿಟ್ಟುಕೊಟ್ಟು ಸಂಧಿ ಮಾಡ್ಕೊಂಡ್ರು" ಅಂದೆ.

"ಎಷ್ಟು ಜಾಗ ಮಿಸ್? ಅಲ್ಲಿದ್ದೋರು ಎಲ್ಲಿಗೆ ಹೋದ್ರು?"

ಅದಕ್ಕೆ ಉತ್ತರ ನನ್ನ ಟಿಪ್ಪಣಿಯಲ್ಲಿ ಇರಲಿಲ್ಲ. ಆ ರಾತ್ರಿ ಕೂತು ಮತ್ತೆ ಓದಿದೆ. ಮುಂದಿನ ವರ್ಷದಿಂದ ಕಥೆಯನ್ನು ಬಿಟ್ಟು ನೆಲದಿಂದ ಶುರು ಮಾಡಿದೆ. ನೆಲದ ಮೇಲೆಯೇ ನಕ್ಷೆ ಬರೆದು ಅದರ ಮೇಲೆ ಯುದ್ಧ ನಡೆಸಿ, ಕೊನೆಗೆ ಕಳೆದುಹೋದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದು ನನ್ನ ಕ್ರಮ. ಶಿಕ್ಷಕರು, ಮನೆಯಲ್ಲಿ ಮಕ್ಕಳಿಗೆ ಇತಿಹಾಸ ಹೇಳುವವರು, ಯಾರು ಬೇಕಾದರೂ ಇದನ್ನು ಮಾಡಬಹುದು. ಎರಡು ಪೀರಿಯಡ್ ಸಾಕು.

ಬೇಕಾಗುವುದು ಇಷ್ಟೆ: ಬಿಳಿ, ನೀಲಿ, ಕೆಂಪು ಸೀಮೆಸುಣ್ಣ, ಒಂದು ಅಡಿ ಸ್ಕೇಲು, ಒಂದು ಉಂಡೆ ದಾರ, ಒಂದು ಕತ್ತರಿ, ಎರಡು ಬೆಂಕಿಪೊಟ್ಟಣ, ಒದ್ದೆ ಬಟ್ಟೆ. ಕಪ್ಪುಹಲಗೆಯ ಕೆಳಗಿನ ಪಟ್ಟಿಯಲ್ಲಿ ಕೂತಿರುತ್ತದಲ್ಲ ಸೀಮೆಸುಣ್ಣದ ಪುಡಿ, ಅದನ್ನು ಒಂದು ವಾರ ಒರೆಸದೆ ಕೂಡಿಡಿ. ಅದಕ್ಕೆ ಕೆಲಸವಿದೆ.

ಅಳತೆಯನ್ನು ಒಂದು ಅಡಿಗೆ 100 ಕಿ.ಮೀ. ಎಂದು ಇಟ್ಟುಕೊಳ್ಳಿ. ಫಿನ್ಲೆಂಡ್ ದಕ್ಷಿಣದಿಂದ ಉತ್ತರಕ್ಕೆ ಹನ್ನೊಂದು ಅಡಿ ದಾಟುತ್ತದೆ. ತರಗತಿಯ ನೆಲ ಸಾಲದಿದ್ದರೆ ಜಗಲಿಗೆ ಹೋಗಿ. ಇಂದಿನ ನಕ್ಷೆ ನೋಡಿ ಬರೆಯಬೇಡಿ, ಎಡವುವುದು ಅಲ್ಲಿಯೇ. 1939ರ ಫಿನ್ಲೆಂಡಿಗೆ ಉತ್ತರದಲ್ಲಿ ಪೆತ್ಸಮೊ ಎಂಬ ತೋಳಿತ್ತು. 1920ರ ತಾರ್ತು ಒಪ್ಪಂದದಲ್ಲಿ ಸಿಕ್ಕಿದ್ದ ಆ ತೋಳು ಉತ್ತರ ಹಿಮಸಾಗರವನ್ನು ಮುಟ್ಟುತ್ತಿತ್ತು. ಕೆಳಗೆ ಆಗ್ನೇಯದಲ್ಲಿ, ಫಿನ್ಲೆಂಡ್ ಕೊಲ್ಲಿಗೂ ಲಡೋಗಾ ಸರೋವರಕ್ಕೂ ನಡುವಿನ ಕರೇಲಿಯನ್ ಭೂಸಂಧಿಯೂ ಫಿನ್ಲೆಂಡಿನದೇ. ಊರುಗಳ ಹೆಸರುಗಳೂ ಬದಲಾಗಿವೆ. ಅಂದಿನ ವೀಪುರಿ ಇಂದು ವೈಬೋರ್ಗ್, ತೆರಿಯೊಕಿ ಇಂದು ಜೆಲೆನೊಗೋರ್ಸ್ಕ್, ಕ್ಯಾಕಿಸಲ್ಮಿ ಇಂದು ಪ್ರಿಯೋಜೆರ್ಸ್ಕ್. ಹಳೆಯ ಹೆಸರನ್ನೇ ಬರೆಯಿರಿ, ಕೊನೆಯಲ್ಲಿ ಅದು ಬೇಕಾಗುತ್ತದೆ. ಮಕ್ಕಳಿಗೆ ಎರಡು ಫಿನ್ನಿಶ್ ಪದ ಕಲಿಸಿದರೆ ಅರ್ಧ ನಕ್ಷೆ ತಾನಾಗಿಯೇ ಮಾತಾಡುತ್ತದೆ: 'ಯಾರ್ವಿ' ಅಂದರೆ ಸರೋವರ, 'ಯೊಕಿ' ಅಂದರೆ ಹೊಳೆ. ತೊಲ್ವಯಾರ್ವಿ, ತೆರಿಯೊಕಿ ಎಂದು ಓದುತ್ತಾ ಹೋದಂತೆ ಆ ನಾಡೆಲ್ಲ ನೀರೇ ಎಂಬುದು ಅವರಿಗೇ ತಿಳಿಯುತ್ತದೆ. ನೀಲಿ ಸೀಮೆಸುಣ್ಣವನ್ನು ಧಾರಾಳವಾಗಿ ಬಳಸಿ.

ಈಗ ಒಂದು ಮಗುವನ್ನು ಕರೆದು, ಲೆನಿನ್‌ಗ್ರಾಡ್ (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ಎಂದು ಬರೆದ ಚುಕ್ಕೆಯಿಂದ ಗಡಿಗೆ ಎಷ್ಟು ದೂರ ಅಂತ ಅಳೆಸಿ. ಸುಮಾರು 32 ಕಿ.ಮೀ., ನಮ್ಮ ಅಳತೆಯಲ್ಲಿ ನಾಲ್ಕು ಅಂಗುಲ. ಮಗು ಅಂಗೈ ಇಟ್ಟರೆ ಮುಚ್ಚಿಹೋಗುತ್ತದೆ. ಜಗಳದ ಮೂಲ ಆ ಅಂಗೈಯಗಲದಲ್ಲಿದೆ. ತನ್ನ ಎರಡನೇ ದೊಡ್ಡ ನಗರಕ್ಕೆ ಗಡಿ ಇಷ್ಟು ಹತ್ತಿರ ಇರಬಾರದು ಎಂಬುದು ಸ್ಟಾಲಿನ್‌ನ ವಾದ. 1939ರ ಅಕ್ಟೋಬರಿನಲ್ಲಿ ಮಾಸ್ಕೋಗೆ ಕರೆಸಿಕೊಂಡು ಕೇಳಿದ್ದೇನು? ಭೂಸಂಧಿಯ ಗಡಿ ಹಿಂದೆ ಸರಿಸಬೇಕು, ಕೊಲ್ಲಿಯ ದ್ವೀಪಗಳನ್ನು ಕೊಡಬೇಕು, ಕೊಲ್ಲಿಯ ಬಾಯಲ್ಲಿರುವ ಹಾಂಕೊವನ್ನು ನೌಕಾನೆಲೆಗೆ ಗುತ್ತಿಗೆ ಕೊಡಬೇಕು. ಬದಲಿಗೆ ಪೂರ್ವ ಕರೇಲಿಯದಲ್ಲಿ ಎರಡು ಪಟ್ಟು ಜಾಗ ಕೊಡುತ್ತೇವೆ ಅಂದರು. ಇದನ್ನು ಮಕ್ಕಳಿಗೆ ಮುಚ್ಚಿಡಬೇಡಿ. "ಎರಡು ಪಟ್ಟು ಕೊಡ್ತೀವಿ ಅಂದ್ರೆ ಯಾಕೆ ಬೇಡ ಅಂದ್ರು?" ಎಂದು ಅವರು ಕೇಳಿಯೇ ಕೇಳುತ್ತಾರೆ. ಆಗ ನಕ್ಷೆಯನ್ನೇ ತೋರಿಸಿ. ಕೇಳಿದ ಭೂಸಂಧಿಯಲ್ಲಿ ಕೋಟೆಯ ಸಾಲಿತ್ತು, ಕೊಡುತ್ತೇವೆಂದ ಕಡೆ ಇದ್ದದ್ದು ಕಾಡು. ಅದೇ ಆಗಸ್ಟ್ 23ರಂದು ಜರ್ಮನಿ ಮತ್ತು ಸೋವಿಯತ್ ನಡುವೆ ಆದ ಒಪ್ಪಂದದ ಗುಪ್ತ ಭಾಗದಲ್ಲಿ ಫಿನ್ಲೆಂಡನ್ನು ಸೋವಿಯತ್ ಪಾಲಿಗೆ ಬರೆದಾಗಿತ್ತು. ಅದು ಫಿನ್ನರಿಗೆ ಗೊತ್ತಿರಲಿಲ್ಲ, ಆದರೆ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳು ಅದೇ ಶರತ್ಕಾಲದಲ್ಲಿ ನೆಲೆ ಬಿಟ್ಟುಕೊಟ್ಟದ್ದು ಅವರ ಕಣ್ಣ ಮುಂದಿತ್ತು.

ನವೆಂಬರ್ 26ರಂದು ಗಡಿಯ ಸೋವಿಯತ್ ಬದಿಯ ಮೈನಿಲ ಹಳ್ಳಿಯಲ್ಲಿ ಗುಂಡುಗಳು ಬಿದ್ದವು. ಫಿನ್ನರೇ ಹಾರಿಸಿದ್ದು ಎಂದು ಮಾಸ್ಕೋ ದೂರಿತು. ಅಷ್ಟು ದೂರ ಮುಟ್ಟುವ ಫಿರಂಗಿಗಳನ್ನು ಫಿನ್ನರು ಗಡಿಯಿಂದ ಮೊದಲೇ ಹಿಂದಕ್ಕೆ ಸರಿಸಿದ್ದರು. 1932ರ ಅನಾಕ್ರಮಣ ಒಪ್ಪಂದವನ್ನು ಮಾಸ್ಕೋ ಹರಿದು ಹಾಕಿ, 30ನೇ ತಾರೀಖು ಬೆಳಿಗ್ಗೆ ಯುದ್ಧ ಘೋಷಿಸದೆಯೇ ಒಳಗೆ ನುಗ್ಗಿತು. ಹೆಲ್ಸಿಂಕಿಯ ಮೇಲೆ ಅದೇ ದಿನ ಬಾಂಬು ಬಿದ್ದವು. ಮರುದಿನ ಫಿನ್ನಿಶ್ ಕಮ್ಯುನಿಸ್ಟ್ ಒಟ್ಟೊ ವಿಲ್ಲೆ ಕೂಸಿನೆನ್ ಮುಂದಾಳತ್ವದಲ್ಲಿ ತೆರಿಯೊಕಿಯಲ್ಲಿ ಒಂದು ಕೈಗೊಂಬೆ ಸರಕಾರ ಎದ್ದಿತು. 1918ರಲ್ಲಿ ಕಾರ್ಮಿಕರ ಕೆಂಪು ಪಡೆ, ಅದನ್ನು ಎದುರಿಸಿದ ಬಿಳಿ ಪಡೆ ಅಂತ ಒಡೆದು ಅಂತರ್ಯುದ್ಧ ಮಾಡಿಕೊಂಡ ದೇಶ ಇದು, ಕಾರ್ಮಿಕರು ನಮ್ಮ ಕಡೆ ಬರುತ್ತಾರೆ ಎಂದು ಮಾಸ್ಕೋ ಎಣಿಸಿತ್ತು. ಯಾರೂ ಬರಲಿಲ್ಲ. ನನಗೆ ಈ ಯುದ್ಧದಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿ ಇದೇ. ಇಪ್ಪತ್ತು ವರ್ಷದ ಹಿಂದೆ ಒಬ್ಬರನ್ನೊಬ್ಬರು ಕೊಂದವರ ಮಕ್ಕಳು ಒಂದೇ ಕಂದಕದಲ್ಲಿ ನಿಂತರು. ಇದನ್ನು ಹೇಳುವಾಗ ಸ್ವಲ್ಪ ನಿಧಾನ ಮಾಡಿ.

ಸೇನೆಯ ಬಗ್ಗೆ ಬೇಗ ಹೇಳಿ ಮುಗಿಸಿ. ದಂಡನಾಯಕ ಮನ್ನರ್‌ಹೈಮ್‌ಗೆ ಆಗ 72 ವರ್ಷ. ಕರೆ ಬಂದ ಎಷ್ಟೋ ಜನರಿಗೆ ಸಮವಸ್ತ್ರ ಕೊಡಲೂ ಇರಲಿಲ್ಲ. ಟೋಪಿಗೆ ಒಂದು ಬಿಲ್ಲೆ, ಸೊಂಟಕ್ಕೆ ಒಂದು ಬೆಲ್ಟು, ಉಳಿದದ್ದು ಮನೆಯ ಬಟ್ಟೆ. ಆಗತಾನೆ ಅಧಿಕಾರ ಬಿಟ್ಟಿದ್ದ ಪ್ರಧಾನಿ ಕಯಾಂಡರ್ ಹೆಸರಿನಲ್ಲಿ ಜನ ಅದನ್ನು 'ಕಯಾಂಡರ್ ಮಾದರಿ' ಅಂತ ಕರೆದರು. ಟ್ಯಾಂಕು ತಡೆಯುವ ಫಿರಂಗಿ ಸಾಲದೆ, ರಾಜಮ್ಯಾಕಿಯ ಸರಕಾರಿ ಮದ್ಯ ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ಬೆಂಕಿಬಾಟಲಿ ತುಂಬಿಸಿದರು. ಸೋವಿಯತ್ ವಿದೇಶಾಂಗ ಮಂತ್ರಿಯ ಹೆಸರಿನಲ್ಲಿ ಅದನ್ನು 'ಮೊಲೊಟೊವ್ ಕಾಕ್‌ಟೇಲ್' ಎಂದು ಕರೆದವರೂ ಇವರೇ. ಲೊಟ್ಟಾ ಸ್ವಾರ್ಡ್ ಸಂಘಟನೆಯ ಹೆಂಗಸರು ಅಡುಗೆ, ಆಸ್ಪತ್ರೆ, ವಿಮಾನ ಬರುವುದನ್ನು ನೋಡಿ ತಿಳಿಸುವ ಕಾವಲು, ಇಷ್ಟನ್ನೂ ಹೊತ್ತರು. ತರಗತಿಯ ಹೆಣ್ಣುಮಕ್ಕಳಿಗೆ ಈ ಮಾತು ತಪ್ಪದೆ ಹೇಳಿ.

ಈಗ ಮುಖ್ಯವಾದ ಕೆಲಸಕ್ಕೆ ಬರೋಣ. ಇದಕ್ಕೇ ಒಂದು ಪೀರಿಯಡ್‌ನ ಮುಕ್ಕಾಲು ಭಾಗ ಇಟ್ಟುಕೊಳ್ಳಿ. ಫಿನ್ಲೆಂಡಿನ ನಡುಸೊಂಟಕ್ಕೆ ಕೈ ಹಾಕಿ: ಪೂರ್ವ ಗಡಿಯಿಂದ ಪಶ್ಚಿಮದ ಔಲು ಬಂದರಿಗೆ ಎರಡೇ ಅಡಿ, ಅಂದರೆ 200 ಕಿ.ಮೀ. ಅಲ್ಲಿ ಕತ್ತರಿಸಿದರೆ ದೇಶ ಎರಡು ತುಂಡು. ಸ್ವೀಡನ್ನಿನಿಂದ ಬರುವ ರೈಲುದಾರಿಯೂ ಕೈತಪ್ಪುತ್ತದೆ. ಆ ದಾರಿಯಲ್ಲಿರುವ ಹಳ್ಳಿಯೇ ಸುವೊಮುಸ್ಸಲ್ಮಿ. ಡಿಸೆಂಬರ್ 7ರಂದು ಸೋವಿಯತ್ 163ನೇ ಡಿವಿಷನ್ ಅದನ್ನು ಹಿಡಿಯಿತು. ಅದರ ನೆರವಿಗೆ ರಾತೆ ಎಂಬ ಗಡಿ ಊರಿನ ರಸ್ತೆಯಲ್ಲಿ 44ನೇ ಡಿವಿಷನ್ ಹೊರಟಿತು.

ರಾತೆ ರಸ್ತೆಯನ್ನು ಒಂದು ಅಡಿಗೆ 100 ಕಿ.ಮೀ. ಅಳತೆಯಲ್ಲಿ ತೋರಿಸಲಾಗದು, ಅರ್ಧ ಅಡಿಯೂ ಬರುವುದಿಲ್ಲ. ಅದಕ್ಕೆ ಪಕ್ಕದಲ್ಲಿ ಬೇರೆ ಜಾಗದಲ್ಲಿ ದೊಡ್ಡದಾಗಿ ಬರೆಯಿರಿ. ಹತ್ತು ಅಡಿ ದಾರ ಎಳೆಯಿರಿ, ಅದೇ ರಸ್ತೆ. ಎರಡೂ ಬದಿ ಮಕ್ಕಳು ಒತ್ತೊತ್ತಾಗಿ ಕೂರಲಿ, ಅವರೇ ಕಾಡು. ಬೆಂಕಿಕಡ್ಡಿಗಳನ್ನು ಒಂದರ ಹಿಂದೆ ಒಂದು ದಾರದ ಮೇಲೆ ಸಾಲಾಗಿ ಜೋಡಿಸಿ. ಅವು ಟ್ಯಾಂಕು, ಲಾರಿ, ಕುದುರೆಗಾಡಿ, ಫಿರಂಗಿ, ಅಡುಗೆ ಒಲೆ. ಜೋಡಿಸುತ್ತಾ ಹೋದಂತೆ ಮಕ್ಕಳಿಗೇ ಹೊಳೆಯುತ್ತದೆ. ಒಂದು ಸಲ ಒಬ್ಬ ಹುಡುಗ ನಾನು ಹೇಳುವ ಮೊದಲೇ ಕೂಗಿದ, "ಮಿಸ್, ಮುಂದಿನ ಕಡ್ಡಿ ನಿಂತರೆ ಹಿಂದಿನದೆಲ್ಲ ನಿಲ್ಲಬೇಕಲ್ಲ!" ಹೌದು, ಹಾಗೇ ಆಯಿತು. ಎರಡು ಕೆರೆಗಳ ನಡುವಿನ ಇಕ್ಕಟ್ಟಿನಲ್ಲಿ ಕೆಲವೇ ನೂರು ಫಿನ್ನರು ದಾರಿಗೆ ಅಡ್ಡ ನಿಂತರು. ಹತ್ತು ಸಾವಿರಕ್ಕಿಂತ ಹೆಚ್ಚು ಜನರ ಡಿವಿಷನ್ ಹಳ್ಳಿಗೆ ಮುಟ್ಟದೆ ರಸ್ತೆಯುದ್ದಕ್ಕೂ ನಿಂತುಬಿಟ್ಟಿತು.

ಕೂಡಿಟ್ಟ ಸೀಮೆಸುಣ್ಣದ ಪುಡಿಯನ್ನು ಈಗ ತೆಗೆಯಿರಿ. ನೀಲಿ ಬಳಿದ ಕೆರೆಗಳ ಮೇಲೆ ಅದನ್ನು ಉದುರಿಸಿ, ಅಂಗೈಯಲ್ಲಿ ಹರಡಿ. ನೀಲಿ ಮುಚ್ಚಿ ಬಿಳಿಯಾಗುತ್ತದೆ. ಬೇಸಿಗೆಯಲ್ಲಿ ತಡೆಯಾಗಿದ್ದ ನೀರು ಚಳಿಗಾಲದಲ್ಲಿ ರಸ್ತೆಯಾಗುವುದು ಹೀಗೆ. ರಾತೆ ರಸ್ತೆಯ ದಕ್ಷಿಣಕ್ಕೆ ಹೆಪ್ಪುಗಟ್ಟಿದ ಕೆರೆಗಳ ಸಾಲಿನ ಮೇಲೆ ಫಿನ್ನರು ತಮ್ಮದೇ ದಾರಿ ಮಾಡಿಕೊಂಡರು. ಪುಡಿಯ ಮೇಲೆ ಬೆರಳು ಎಳೆದು ತೋರಿಸಿ, ಗೆರೆ ಬೀಳುತ್ತದೆ, ಅದೇ ಸ್ಕೀ ಜಾಡು. ರಸ್ತೆಯಲ್ಲಿದ್ದವರಿಗೆ ಒಂದೇ ದಾರಿ, ಕಾಡಿನಲ್ಲಿದ್ದವರಿಗೆ ನೂರು ದಾರಿ.

ಫಿನ್ನರ ದಳಪತಿ ಹ್ಯಾಲ್ಮರ್ ಸೀಲಸ್ವುವೊನ ಪಡೆ ಮೊದಲು ಹಳ್ಳಿಯಲ್ಲಿದ್ದ 163ನೇ ಡಿವಿಷನ್‌ಅನ್ನು ಡಿಸೆಂಬರ್ ಕೊನೆಗೆ ಮುರಿಯಿತು. ಆಮೇಲೆ ರಸ್ತೆಗೆ ತಿರುಗಿತು. ಜನವರಿಯ ಮೊದಲ ವಾರ, ಹಗಲು ನಾಲ್ಕು ತಾಸು, ಚಳಿ ಸೊನ್ನೆಗಿಂತ ಎಷ್ಟೋ ಕೆಳಗೆ. ಕತ್ತರಿ ತೆಗೆದುಕೊಂಡು ದಾರವನ್ನು ಮೂರು ನಾಲ್ಕು ಕಡೆ ಕತ್ತರಿಸಿ, ತುಂಡುಗಳನ್ನು ಬೇರೆ ಬೇರೆ ಎಳೆದಿಡಿ. ಪ್ರತಿ ತುಂಡಿನ ಸುತ್ತ ಕೆಂಪು ವೃತ್ತ ಹಾಕಿ. ಫಿನ್ನರು ಇದನ್ನು 'ಮೊತ್ತಿ' ಎಂದರು. ಅದು ಸೌದೆಯ ಲೆಕ್ಕದ ಮಾತು: ಒಂದು ಮೀಟರ್ ಉದ್ದ, ಅಗಲ, ಎತ್ತರಕ್ಕೆ ಒಟ್ಟಿದ ಸೌದೆ ರಾಶಿಗೆ ಅವರಲ್ಲಿ ಮೊತ್ತಿ ಅಂತ ಹೆಸರು. ಕಡಿದು ಒಟ್ಟಿಡು, ಆಮೇಲೆ ಬಂದು ಒಯ್ದರಾಯಿತು. ಬೆಂಕಿಕಡ್ಡಿಯ ರಾಶಿ ಎದುರಿಗೇ ಇರುವಾಗ ಈ ಮಾತನ್ನು ವಿವರಿಸಬೇಕಾಗಿಯೇ ಇಲ್ಲ. ಅವರು ಮೊದಲು ಗುರಿಯಿಟ್ಟದ್ದು ಯಾವುದಕ್ಕೆ ಅಂತ ಮಕ್ಕಳನ್ನು ಕೇಳಿ. ಟ್ಯಾಂಕು ಅನ್ನುತ್ತಾರೆ. ಅಲ್ಲ, ಅಡುಗೆ ಒಲೆಗಳಿಗೆ. ಆ ಚಳಿಯಲ್ಲಿ ಬಿಸಿ ಊಟ ನಿಂತರೆ ಬಂದೂಕು ಇದ್ದೂ ಇಲ್ಲದಂತೆ. ಫಿನ್ನರು ಮಾತ್ರ ಸರದಿಯ ಮೇಲೆ ಒಲೆ ಹಚ್ಚಿದ ಡೇರೆಗಳಿಗೆ ಹೋಗಿ ಮೈ ಕಾಯಿಸಿಕೊಂಡು ಬರುತ್ತಿದ್ದರು.

ಇಲ್ಲಿ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ತಟ್ಟಲಿ. ಆದರೆ ಆ ಕಡ್ಡಿಗಳನ್ನು ತಕ್ಷಣ ಗುಡಿಸಬೇಡಿ. 44ನೇ ಡಿವಿಷನ್ ಉಕ್ರೇನಿನಿಂದ ಬಂದದ್ದು. ಆ ಹುಡುಗರಿಗೆ ಸ್ಕೀ ಬರುತ್ತಿರಲಿಲ್ಲ, ಆ ಚಳಿಗೆ ತಕ್ಕ ಬಟ್ಟೆ ಇರಲಿಲ್ಲ, ಯಾವ ನಾಡಿಗೆ ಯಾಕೆ ಬಂದಿದ್ದೇವೆಂಬುದೂ ಸರಿಯಾಗಿ ತಿಳಿದಿರಲಿಲ್ಲ. ಸ್ಟಾಲಿನ್ 1937–38ರಲ್ಲಿ ತನ್ನದೇ ಸೇನೆಯ ಅನುಭವಿ ಅಧಿಕಾರಿಗಳನ್ನು ಕೊಲ್ಲಿಸಿದ್ದ. ಐವರು ಮಾರ್ಷಲ್‌ಗಳಲ್ಲಿ ಮೂವರು ಹಾಗೆ ಹೋಗಿದ್ದರು. ಉಳಿದವರಿಗೆ ಹಿಂದೆ ಸರಿಯೋಣ ಎನ್ನುವ ಧೈರ್ಯವಿರಲಿಲ್ಲ. ತಪ್ಪಿಸಿಕೊಂಡು ಮರಳಿದ ಡಿವಿಷನ್ ನಾಯಕ ವಿನೊಗ್ರಾದೊವ್‌ನನ್ನು ಅವನ ಸೈನಿಕರ ಎದುರೇ ಗುಂಡಿಕ್ಕಿ ಕೊಂದರು. ಯುದ್ಧ ಮುಗಿದ ಮೇಲೆ ಫಿನ್ನರು ಹಿಂತಿರುಗಿಸಿದ ಕೈದಿಗಳಲ್ಲಿ ಅನೇಕರು ಮನೆಗೆ ಹೋಗಲಿಲ್ಲ, ಶಿಬಿರಗಳಿಗೆ ಹೋದರು. ಇದನ್ನು ಹೇಳಿದ ಮೇಲೆ ತರಗತಿ ಸುಮ್ಮನಾಗುತ್ತದೆ. ಆ ಮೌನವನ್ನು ತುಂಬಲು ಹೋಗಬೇಡಿ.

ಸಿಮೊ ಹಾಯ್ಹಾನ ಹೆಸರು ಯಾರಾದರೂ ಎತ್ತುತ್ತಾರೆ. ಕೊಲ್ಲಾ ರಂಗದಲ್ಲಿ ದುರ್ಬೀನು ಇಲ್ಲದ ಬಂದೂಕಿನಿಂದ 500ಕ್ಕಿಂತ ಹೆಚ್ಚು ಜನರನ್ನು ಹೊಡೆದನೆಂದು ಲೆಕ್ಕ. ಅವನು ರೈತ. ಮಾರ್ಚ್ 6ರಂದು ದವಡೆಗೆ ಗುಂಡು ತಗುಲಿ ಮುಖ ಅರ್ಧ ಹೋಯಿತು. 2002ರವರೆಗೆ ಬದುಕಿದ. ಎರಡು ನಿಮಿಷದಲ್ಲಿ ಹೇಳಿ ಮುಗಿಸಿ. ಮೊದಲ ವರ್ಷ ನಾನು ಇವನಿಗೇ ಅರ್ಧ ಪೀರಿಯಡ್ ಕೊಟ್ಟಿದ್ದೆ, ವೀಪುರಿಗೆ ಐದು ನಿಮಿಷವೂ ಉಳಿದಿರಲಿಲ್ಲ.

ಎರಡನೇ ಪೀರಿಯಡ್‌ಗೆ ಭೂಸಂಧಿಗೆ ಬನ್ನಿ. ಕಾಡಿನ ರಂಗದಲ್ಲಿ ಸೋತ ಸೋವಿಯತ್ ಸೇನೆ ಇಲ್ಲಿ ಹೇಗೆ ಗೆದ್ದಿತು ಎಂಬುದು ಮಕ್ಕಳಿಗೆ ಅರ್ಥವಾಗಲೇಬೇಕು. ಕೊಲ್ಲಿಯಿಂದ ಲಡೋಗಾವರೆಗೆ ಸುಮಾರು 130 ಕಿ.ಮೀ. ಕೋಟೆಯ ಸಾಲಿಗೆ ಕೆಂಪು ಗೆರೆ ಎಳೆಯಿರಿ, ಅದು ಮನ್ನರ್‌ಹೈಮ್ ರೇಖೆ. ಇಲ್ಲಿ ರಸ್ತೆಗಳು ಬಹಳ, ರೈಲು ಇದೆ, ಹಿಂದೆಯೇ ಲೆನಿನ್‌ಗ್ರಾಡ್ ಇದೆ. ದೊಡ್ಡ ನಾಡು ತನ್ನ ಗಾತ್ರವನ್ನು ಬಳಸಬಹುದಾದ ಜಾಗ ಇದೊಂದೇ. ಡಿಸೆಂಬರಿನಲ್ಲಿ ರೇಖೆಯ ಸುಮ್ಮ, ತೈಪಲೆಗಳಲ್ಲಿ ಸೋವಿಯತ್ ಸೇನೆ ಪೆಟ್ಟು ತಿಂದ ಮೇಲೆ ಜನವರಿಯಲ್ಲಿ ತಿಮೊಶೆಂಕೊ ಅದರ ಅಧಿಕಾರ ವಹಿಸಿಕೊಂಡ. ಫೆಬ್ರವರಿಯಲ್ಲಿ ದಿನವಿಡೀ ಫಿರಂಗಿ. 11ರಂದು ಸುಮ್ಮದ ಬಳಿ ರೇಖೆ ಒಡೆಯಿತು. ಕೆಂಪು ಗೆರೆಯ ಅಷ್ಟನ್ನು ಬೆರಳಿನಿಂದ ಒರೆಸಿ. ಮಾರ್ಚಿನಲ್ಲಿ ಸೋವಿಯತ್ ಪಡೆ ವೀಪುರಿ ಕೊಲ್ಲಿಯ ಮಂಜುಗಡ್ಡೆಯ ಮೇಲೆಯೇ ನಡೆದು ನಗರದ ಹಿಂದಕ್ಕೆ ಬಂತು. ಆ ಕೊಲ್ಲಿಯ ಮೇಲೂ ಪುಡಿ ಉದುರಿಸಿರುತ್ತೀರಲ್ಲ? ರಾತೆಯಲ್ಲಿ ಫಿನ್ನರಿಗೆ ದಾರಿ ಕೊಟ್ಟ ಹಿಮ ಇಲ್ಲಿ ಎದುರಾಳಿಗೂ ಕೊಟ್ಟಿತು.

ಹೊರಗಿನ ನೆರವಿನ ಮಾತು ಚಿಕ್ಕದು. ಡಿಸೆಂಬರ್ 14ರಂದು ರಾಷ್ಟ್ರಸಂಘ ಸೋವಿಯತ್ ಒಕ್ಕೂಟವನ್ನು ಹೊರಹಾಕಿತು. ಸ್ವೀಡನ್ನಿನಿಂದ ಸುಮಾರು 8000 ಸ್ವಯಂಸೇವಕರು ಬಂದರು. ಬ್ರಿಟನ್, ಫ್ರಾನ್ಸ್ ಸೇನೆ ಕಳಿಸುತ್ತೇವೆಂದವು. ಅವುಗಳ ಕಣ್ಣು ಸ್ವೀಡನ್ನಿನ ಕಬ್ಬಿಣದ ಅದಿರಿನ ಮೇಲೂ ಇತ್ತು. ನಾರ್ವೆ, ಸ್ವೀಡನ್ ದಾರಿ ಬಿಡಲಿಲ್ಲ.

ಸತ್ತವರ ಸಂಖ್ಯೆಯನ್ನು ಹಲಗೆಯ ಮೇಲೆ ಬರೆಯುವಾಗ ಒಂದೇ ಅಂಕಿ ಬರೆಯಬೇಡಿ. ಫಿನ್ನರ ಕಡೆ ಸುಮಾರು 25–26 ಸಾವಿರ. ಸೋವಿಯತ್ ಕಡೆ 48,745 ಎಂದು ಮೊಲೊಟೊವ್ 1940ರ ಮಾರ್ಚಿನಲ್ಲಿ ಹೇಳಿದ. ಸೋವಿಯತ್ ಒಕ್ಕೂಟ ಕಳಚಿದ ಮೇಲೆ ರಷ್ಯದ ಸೇನಾ ಇತಿಹಾಸಕಾರ ಕ್ರಿವೊಶೆಯೆವ್ ತಂಡ ದಾಖಲೆ ತೆಗೆದು ಎಣಿಸಿದಾಗ ಸತ್ತವರು, ಕಾಣೆಯಾದವರು ಸೇರಿ 1,26,875 ಆಯಿತು. ಎರಡನ್ನೂ ಒಂದರ ಕೆಳಗೊಂದು ಬರೆದು, ಯಾರು ಎಣಿಸಿದರು, ಯಾವಾಗ ಎಣಿಸಿದರು ಅಂತ ಪಕ್ಕದಲ್ಲಿ ಬರೆಸಿ. ದಿನಗಳನ್ನೂ ಮಕ್ಕಳೇ ಎಣಿಸಲಿ. ಪ್ರತಿ ಸಲ ಒಂದಿಬ್ಬರಿಗೆ 104 ಬರುತ್ತದೆ. 1940 ಅಧಿಕ ವರ್ಷ, ಫೆಬ್ರವರಿಗೆ 29 ದಿನ ಎಂದು ನೆನಪಿಸಿದರೆ 105 ಸರಿಹೋಗುತ್ತದೆ. ರಾತೆ ರಸ್ತೆಯ ಬಳಿ ಇಂದು ಒಂದು ಸ್ಮಾರಕವಿದೆ, ಅದರಲ್ಲಿ ದಿನಕ್ಕೊಂದರಂತೆ 105 ಗಂಟೆಗಳು ತೂಗುತ್ತವೆ. ಸುತ್ತ ಬಯಲಿನ ತುಂಬ ಸತ್ತವರ ನೆನಪಿಗೆ ಕಲ್ಲುಗಳು, ಎರಡೂ ಕಡೆಯವರಿಗೆ ಸೇರಿಸಿಯೇ.

ಮಾರ್ಚ್ 13, ಫಿನ್ಲೆಂಡಿನ ಗಡಿಯಾರದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಗುಂಡು ನಿಂತಿತು. ಈಗ ಒದ್ದೆ ಬಟ್ಟೆ ತೆಗೆಯಿರಿ. ಭೂಸಂಧಿ ಪೂರ್ತಿ, ವೀಪುರಿ, ಲಡೋಗಾದ ಉತ್ತರ ದಂಡೆ, ಸಲ್ಲಾದ ತುಂಡು, ಉತ್ತರದ ತುದಿಯಲ್ಲಿ ಒಂದು ಚೂರು. ಹಾಂಕೊ ಮೂವತ್ತು ವರ್ಷಕ್ಕೆ ಗುತ್ತಿಗೆ. ದೇಶದ ಸುಮಾರು ಹತ್ತನೇ ಒಂದು ಪಾಲು, ಅಕ್ಟೋಬರಿನಲ್ಲಿ ಕೇಳಿದ್ದಕ್ಕಿಂತ ಎಷ್ಟೋ ಹೆಚ್ಚು. ಆದರೆ ಹೆಲ್ಸಿಂಕಿ ಉಳಿಯಿತು, ಕೂಸಿನೆನ್ ಸರಕಾರ ಬರಲಿಲ್ಲ. ಅದೇ 1940ರ ಬೇಸಿಗೆಯಲ್ಲಿ ಮೂರು ಬಾಲ್ಟಿಕ್ ನಾಡುಗಳನ್ನು ಸೋವಿಯತ್ ಒಕ್ಕೂಟ ನುಂಗಿತು. ಫಿನ್ಲೆಂಡ್ ನುಂಗಲು ಸಿಗಲಿಲ್ಲ.

ಒರೆಸುವ ಮೊದಲು ಒಂದು ಕೆಲಸ ಮಾಡಿ. ನಲವತ್ತು ಮಕ್ಕಳ ತರಗತಿಯಾದರೆ ನಾಲ್ಕೈದು ಮಕ್ಕಳನ್ನು ಆ ಭಾಗದ ಮೇಲೆ ಕೂರಿಸಿ. ನಾಲ್ಕು ಲಕ್ಷಕ್ಕಿಂತ ಹೆಚ್ಚು ಕರೇಲಿಯನ್ನರು, ಅಂದರೆ ದೇಶದ ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಮನೆ ಬಿಟ್ಟರು. ಅಲ್ಲಿ ಉಳಿದವರು ಇಲ್ಲವೆನ್ನುವಷ್ಟು ಕಡಿಮೆ. ಆ ಮಕ್ಕಳು ತಮ್ಮ ಚೀಲ ಎತ್ತಿಕೊಂಡು ಬರಲಿ, ಉಳಿದ ನಕ್ಷೆಯಲ್ಲಿ ಕೂತಿರುವವರು ಸರಿದು ಜಾಗ ಕೊಡಲಿ. ನಿಜಕ್ಕೂ ಹಾಗೆಯೇ ಆಯಿತು. 1940ರ ಜೂನಿನಲ್ಲಿ ಕಾನೂನು ಮಾಡಿ, ಇದ್ದವರ ಜಮೀನಿನಿಂದ ಭಾಗ ತೆಗೆದು ಬಂದವರಿಗೆ ಹಂಚಿದರು. ಜಾಗ ಬಿಡಲು ಗೊಣಗುವ ಮಗು ಪ್ರತಿ ವರ್ಷ ಒಂದಿರುತ್ತದೆ. ಗದರಬೇಡಿ, ಅಲ್ಲೂ ಗೊಣಗಿದವರಿದ್ದರು. ಹಿಂದಿನ ಬೆಂಚಿನ ಆ ಹುಡುಗಿ ಕೇಳಿದ ಎರಡು ಪ್ರಶ್ನೆಗೂ ನಾನು ಉತ್ತರ ಕೊಡಲು ಕಲಿತದ್ದು ಹೀಗೆ.

1941ರ ಪಾಠವನ್ನು ಬಿಟ್ಟು ನಿಲ್ಲಿಸುವುದು ಸುಳ್ಳು ಹೇಳಿದಂತೆ. ಆ ಜೂನಿನಲ್ಲಿ ಫಿನ್ಲೆಂಡ್ ಹಿಟ್ಲರನ ಜರ್ಮನಿಯ ಜೊತೆ ಸೇರಿ ಸೋವಿಯತ್ ಮೇಲೆ ಯುದ್ಧಕ್ಕಿಳಿಯಿತು, ವೀಪುರಿ ಮರಳಿ ಪಡೆಯಿತು, ಹಳೆಯ ಗಡಿ ದಾಟಿಯೂ ಹೋಯಿತು. ಒರೆಸಿದ ಜಾಗದಲ್ಲಿ ಚುಕ್ಕೆ ಗೆರೆಯಲ್ಲಿ ಗಡಿಯನ್ನು ಮತ್ತೆ ಬರೆಯಿರಿ. ಮನೆ ಬಿಟ್ಟವರಲ್ಲಿ ಸುಮಾರು 2.8 ಲಕ್ಷ ಜನ ಹಿಂತಿರುಗಿ ಹೊಲ ಉತ್ತರು, ಸುಟ್ಟ ಮನೆ ಕಟ್ಟಿದರು. ಆ ನಾಲ್ಕೈದು ಮಕ್ಕಳನ್ನು ಹಳೆಯ ಜಾಗಕ್ಕೆ ಕಳಿಸಿ, ಐದು ನಿಮಿಷ ಕೂರಲು ಬಿಡಿ. 1944ರಲ್ಲಿ ಎಲ್ಲವೂ ಮತ್ತೆ ಹೋಯಿತು, ಈ ಸಲ ಪೆತ್ಸಮೊ ತೋಳೂ ಹೋಯಿತು. ಚುಕ್ಕೆ ಗೆರೆ ಒರೆಸುವಾಗ ನೀವು ಬಗ್ಗಬೇಡಿ. ಬಟ್ಟೆಯನ್ನು ಆ ಮಕ್ಕಳ ಕೈಗೇ ಕೊಡಿ.